ಪಿಕ್ಸೆಲ್ ಬಫರಿನ ಏಕರೂಪತೆ : ಒಂದು ವಿಮರ್ಶೆ

ಕಂಪ್ಯೂಟರಿನ ತೆರೆಯ ಮೇಲಣ ಕಿಟಕಿಯೊಂದರಲ್ಲಿ ಪಿಕ್ಸೆಲ್‌ಗಳನ್ನು ಮೂಡಿಸುವುದು ಮೇಲ್ನೋಟಕ್ಕೆ ಅತಿ ಸರಳವಾದ ಕಾರ್ಯ. ಆದರೆ ಅದಕ್ಕೆ ವಿಂಡೋಸ್, ಎಕ್ಸ್11, ವೇಲ್ಯಾಂಡ್, ಮ್ಯಾಕ್ ಮತ್ತು ಬ್ರೌಸರುಗಳು ಬೇರೆಬೇರೆ ಮಾರ್ಗಗಳನ್ನು ವಿಧಿಸಿವೆ. ಈ ಭೇದಗಳನ್ನು ಮರೆಸಿ, ಪ್ರೋಗ್ರಾಮು ಬರೆಯುವವನಿಗೆ ಒಂದೇ ಮುಖವನ್ನು ತೋರಿಸುವ ಪ್ರಯತ್ನ ಹೊಸದಲ್ಲ. 1998ರಲ್ಲಿ ಹೊರಬಂದ ಎಸ್‌ಡಿಎಲ್ ಅದರ ಪ್ರಸಿದ್ಧ ನಿದರ್ಶನ. ರಸ್ಟ್ ಭಾಷೆಯ ಸಾಫ್ಟ್‌ಬಫರ್ ಎಂಬ ಲೈಬ್ರರಿಯೂ ಇದೇ ಪರಂಪರೆಗೆ ಸೇರಿದುದು. ಅದರ 0.4ನೆಯ ಆವೃತ್ತಿಯ ಗುಣದೋಷಗಳ ವಿವೇಚನೆಯೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಗುಣಗಳನ್ನು ಹೇಳಬೇಕು. ಇಲ್ಲಿ ಗ್ರಾಫಿಕ್ಸ್ ಸಂಸ್ಕಾರಕದ ಹಂಗಿಲ್ಲ. ಲೈಬ್ರರಿಯು ಒಂದು ಬಫರನ್ನು ಎರವಲು ಕೊಡುತ್ತದೆ; ಬಳಸುವವನು ಅದನ್ನು ತುಂಬಿ ಒಪ್ಪಿಸುತ್ತಾನೆ. 0.2ನೆಯ ಆವೃತ್ತಿಯಲ್ಲಿ ಬಳಸುವವನೇ ತನ್ನ ಬಫರನ್ನು ಕೊಡಬೇಕಾಗಿದ್ದಿತು. ಲೈಬ್ರರಿಯೇ ಬಫರು ಕೊಡುವ ಪದ್ಧತಿ 0.3ರಲ್ಲಿ ಬಂದಿತು. ಇದರಿಂದಾದ ಲಾಭ ಅಲ್ಪವಲ್ಲ. 1920 × 1080 ಪಿಕ್ಸೆಲ್‌ಗಳ ಒಂದು ಚಿತ್ರಕ್ಕೆ 82,94,400 ಬೈಟುಗಳು ಬೇಕು. ಸೆಕೆಂಡಿಗೆ 60 ಚಿತ್ರಗಳೆಂದರೆ 49,76,64,000 ಬೈಟುಗಳು. ಅನಾವಶ್ಯಕವಾದ ಒಂದೊಂದು ನಕಲಿಗೂ ತೆರಬೇಕಾದ ಬೆಲೆ ಇಷ್ಟು.

ಇನ್ನು ದೋಷಗಳು. ಇಲ್ಲಿ ಪಿಕ್ಸೆಲ್ಲಿನ ರೂಪ ಒಂದೇ: 32 ಬಿಟ್ಟುಗಳಲ್ಲಿ ಮೇಲಿನ 8 ಶೂನ್ಯ, ಅನಂತರ ಕೆಂಪು, ಹಸಿರು, ನೀಲಿ. ಇಂದಿನ ಬಹುತೇಕ ಯಂತ್ರಗಳಲ್ಲಿ ಇದು ಮೆಮೊರಿಯಲ್ಲಿ ನೀಲಿ ಮೊದಲಾಗಿ ನಿಲ್ಲುತ್ತದೆ. ಬ್ರೌಸರಿನ ಕ್ಯಾನ್ವಾಸಾದರೋ ಕೆಂಪು ಮೊದಲಾದ ಕ್ರಮವನ್ನೇ ಬೇಡುತ್ತದೆ. ಆದ್ದರಿಂದ, ಕೆಂಪು ಮೊದಲಾದ ಚಿತ್ರವನ್ನೇ ಕೈಯಲ್ಲಿಟ್ಟುಕೊಂಡವನು ಅದನ್ನು ಲೈಬ್ರರಿಯ ಕ್ರಮಕ್ಕೆ ತಿರುಗಿಸಬೇಕು. ಲೈಬ್ರರಿಯು ಅದನ್ನು ಮತ್ತೆ ಮೊದಲಿನಂತೆ ತಿರುಗಿಸಬೇಕು. ಹಾಗೆಯೇ, ಪಿಕ್ಸೆಲ್ಲಿನ ಸಾಲುಗಳು ಎಡೆಯಿಲ್ಲದೆ ಒಂದಕ್ಕೊಂದು ತಗುಲಿರಬೇಕೆಂಬ ನಿಯಮವಿದೆ. ಸಾಲಿನ ಕೊನೆಗೆ ಎಡೆಯನ್ನು ಅಪೇಕ್ಷಿಸುವ ಮೆಮೊರಿಯನ್ನು ಈ ನಿಯಮದ ದೆಸೆಯಿಂದ ನೇರವಾಗಿ ಬಳಸುವಂತಿಲ್ಲ.

ಇವು ವೇಗಕ್ಕೆ ಮಾತ್ರ ಸಂಬಂಧಿಸಿದ ದೋಷಗಳು. ಮೂರನೆಯದು ಫಲಿತಾಂಶದ ಸಾಧುತ್ವಕ್ಕೇ ಸಂಬಂಧಿಸಿದುದು. ವೇಲ್ಯಾಂಡಿನಲ್ಲಿ ಒಪ್ಪಿಸಿದ ಬಫರನ್ನು ವ್ಯವಸ್ಥೆಯು ಬಿಟ್ಟುಕೊಡುವವರೆಗೆ ಮುಟ್ಟುವಂತಿಲ್ಲ. ಆದ್ದರಿಂದ ಎರಡು ಬಫರುಗಳು ಸರದಿಯ ಮೇಲೆ ಬರುತ್ತವೆ. ಕೈಗೆ ಬಂದ ಬಫರಿನಲ್ಲಿರುವುದು ಎಷ್ಟು ಹಿಂದಿನ ಚಿತ್ರವೆಂಬುದನ್ನು ಅದರ 'ವಯಸ್ಸು' ತಿಳಿಸುತ್ತದೆ. ಶೂನ್ಯವೆಂದರೆ ಒಳಗಿರುವುದನ್ನು ನಂಬಬಾರದೆಂದು ಅರ್ಥ. ಎಕ್ಸ್11ರಲ್ಲಿ ಸಾಮಾನ್ಯವಾಗಿ ಹಿಂದಿನ ಚಿತ್ರವೇ ಉಳಿದಿರುತ್ತದೆ. ಮ್ಯಾಕಿನಲ್ಲಾದರೋ ಪ್ರತಿಸಲವೂ ಹೊಸ ಬಫರು, ವಯಸ್ಸು ಶೂನ್ಯ. ಅಕ್ಷರ ತಿದ್ದುವ ಪ್ರೋಗ್ರಾಮೊಂದು ಮಿನುಗುವ ಕರ್ಸರನ್ನು ಮಾತ್ರ ಪುನಃ ಬರೆಯುತ್ತದೆಂದು ಭಾವಿಸೋಣ. ವಯಸ್ಸನ್ನು ವಿಚಾರಿಸದ ಕರ್ತೃವಿಗೆ ಎಕ್ಸ್11ರಲ್ಲಿ ಎಲ್ಲವೂ ಸರಿಯಾಗಿಯೇ ತೋರುವುದು. ಮ್ಯಾಕಿನಲ್ಲಿ ಕರ್ಸರು ಮಾತ್ರ ಉಳಿದು ಮಿಕ್ಕ ಕಿಟಕಿಯೆಲ್ಲ ಕಪ್ಪಾಗುವುದು. ಏಕರೂಪತೆಯ ಭರವಸೆಯೇ ಇಲ್ಲಿ ಪ್ರಮಾದಕ್ಕೆ ಎಡೆಮಾಡಿಕೊಟ್ಟಿತೆನ್ನಬೇಕು.

ಸರಳತೆಯೇ ಈ ಲೈಬ್ರರಿಯ ಪ್ರಾಣ, ಆಯ್ಕೆಗಳನ್ನು ಹೆಚ್ಚಿಸಿದರೆ ಅದು ಕೆಡುತ್ತದೆ ಎಂದು ಆಕ್ಷೇಪಿಸಬಹುದು. ಆಕ್ಷೇಪ ತೆಗೆದುಹಾಕತಕ್ಕುದಲ್ಲ. ಆದರೆ ಸರಳ ಮಾರ್ಗವನ್ನು ಇದ್ದಂತೆಯೇ ಉಳಿಸಿ, ವರ್ಣಕ್ರಮವನ್ನೂ ಸಾಲಿನ ಉದ್ದವನ್ನೂ ಕೇಳಿ ತಿಳಿಯಲು ಇಚ್ಛಿಸುವವನಿಗೆ ಬೇರೊಂದು ಬಾಗಿಲನ್ನು ತೆರೆಯುವುದರಿಂದ ಯಾರಿಗೂ ಹಾನಿಯಿಲ್ಲ. ವಯಸ್ಸಿನ ವಿಷಯದಲ್ಲಿ, ಪರೀಕ್ಷಾಕಾಲದಲ್ಲಿ ಎಲ್ಲ ವ್ಯವಸ್ಥೆಗಳಲ್ಲಿಯೂ ಬೇಕೆಂದೇ ಶೂನ್ಯ ವಯಸ್ಸಿನ, ಕಣ್ಣಿಗೆ ಹೊಡೆಯುವ ಬಣ್ಣ ಬಳಿದ ಬಫರನ್ನು ಕೊಡುವ ಏರ್ಪಾಡಿದ್ದರೆ ದೋಷ ಕರ್ತೃವಿನ ಮೇಜಿನ ಮೇಲೆಯೇ ಬಯಲಾಗುವುದು. ಭೇದಗಳನ್ನು ಅಡಗಿಸುವುದು ಇಂಥ ಲೈಬ್ರರಿಯ ಧರ್ಮವೆಂಬುದು ನಿಜ. ಫಲವನ್ನೇ ಬದಲಿಸುವ ಭೇದವನ್ನು ಎದುರಿಗಿಟ್ಟು ತೋರಿಸುವುದೂ ಅದರ ಧರ್ಮವೇ.