ಕೋಷ್ಟಕದಿಂದ ಬಿದ್ದುಹೋದ ಅವ್ವ: ಗಡಿನಾಡ ಪದಪಟ್ಟಿಗಳ ರೂಪದ ಕುರಿತು

ನನ್ನ ಸ್ವರ ಕೇಳ್ತಾ ಉಂಟಲ್ಲ? ಸರಿ, ಶುರು ಮಾಡ್ತೇನೆ. ನಾನು ಮಾತಾಡಹೊರಟದ್ದು ಕವಿತೆಯ ಬಗ್ಗೆ ಅಲ್ಲ, ಒಂದು ಕೋಷ್ಟಕದ ಬಗ್ಗೆ. ಸಾಹಿತ್ಯದ ವಿದ್ಯಾರ್ಥಿಗೆ ಇದೆಲ್ಲ ಎಂತಕ್ಕೆ ಅಂತ ಕೇಳಬಹುದು. ಕೃತಿಗಳ ರೂಪವನ್ನು ನಾವು ಸೆಮಿಸ್ಟರುಗಟ್ಟಲೆ ವಿಮರ್ಶಿಸುತ್ತೇವೆ. ನಮ್ಮದೇ ಪ್ರಬಂಧಗಳ ಕೊನೆಗೆ ಬರುವ ಪದಪಟ್ಟಿಯ ರೂಪವನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ.

ಕಾಸರಗೋಡಿನ ನಮ್ಮ ಹವ್ಯಕ ಮನೆಮಾತಿನ ಸಂಬಂಧವಾಚಕಗಳನ್ನೂ ಸೊಲ್ಲಾಪುರದ ಗೆಳತಿಯ ಮನೆಮಾತಿನವನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನನ್ನ ಕೆಲಸ. ಪಟ್ಟಿಯನ್ನು ಮಾರ್ಕ್‌ಡೌನಿನಲ್ಲಿ ಬರೆದೆ. ಅದು ಬರೀ ಪಠ್ಯ. ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಹಳೆಯ ಫಾಂಟಿನ ಕಡತದ ಹಾಗೆ ನಾಳೆ ಓದಲಾಗದೆ ಹೋಗುವ ಭಯ ಕಡಿಮೆ.

2004ರಲ್ಲಿ ಜಾನ್ ಗ್ರೂಬರ್ ಮಾರ್ಕ್‌ಡೌನ್ ರೂಪಿಸಿದಾಗ ಅದರಲ್ಲಿ ಕೋಷ್ಟಕಕ್ಕೆ ಸ್ವಂತ ಚಿಹ್ನೆಯೇ ಇರಲಿಲ್ಲ. ಬೇಕಾದವರು ಎಚ್‌ಟಿಎಂಎಲ್ ಬರೆಯಬೇಕಿತ್ತು. ಮನೆಗಳ ನಡುವೆ ಉದ್ದ ಗೆರೆ ಹಾಕುವ ಕ್ರಮ ಆಮೇಲಿನ ವಿಸ್ತರಣೆಗಳಿಂದ ಬಂತು. ನನ್ನ ಕೋಷ್ಟಕಕ್ಕೆ ಮೂರು ಅಂಕಣ: ಶಿಷ್ಟ ಕನ್ನಡ, ಕಾಸರಗೋಡು, ಸೊಲ್ಲಾಪುರ. "ತಾಯಿ" ಎಂಬ ಸಾಲಿನಲ್ಲಿ ಅಜ್ಜಿ ಎರಡು ಪದ ಹೇಳಿದ್ದರು. ಎರಡರ ನಡುವೆ "ಅಥವಾ" ಎಂಬರ್ಥದಲ್ಲಿ ನಾನು ಗೆರೆಯನ್ನೇ ಎಳೆದುಬಿಟ್ಟೆ:

| ತಾಯಿ | ಅಬ್ಬೆ | ಅಮ್ಮ | ಅವ್ವ |

ಮೂರು ಅಂಕಣದ ಕೋಷ್ಟಕದಲ್ಲಿ ನಾಲ್ಕು ಮನೆ. ನಾನು ಬಳಸಿದ ವಿಸ್ತರಣೆಯ ನಿಯಮ ಹೀಗೆ: ಮನೆ ಕಡಿಮೆ ಬಿದ್ದರೆ ಖಾಲಿ ಮನೆ ಸೇರಿಸು, ಹೆಚ್ಚಾದರೆ ಹೆಚ್ಚಾದದ್ದನ್ನು ಬಿಟ್ಟುಬಿಡು. ದೋಷ ಅಂತ ಒಂದು ಮಾತೂ ಹೇಳುವುದಿಲ್ಲ. ಪಿಡಿಎಫ್‌ನಲ್ಲಿ ನಮ್ಮ "ಅಮ್ಮ" ಸೊಲ್ಲಾಪುರದ ಅಂಕಣಕ್ಕೆ ಹೋಗಿ ಕೂತಿತ್ತು, "ಅವ್ವ" ಇರಲೇ ಇಲ್ಲ. ಗೆಳತಿ ನೋಡಿ, "ಅಲ್ಲ, ನಮ್ಮವ್ವ ಎಲ್ಲಿ ಹೋದ್ಲು?" ಅಂದಳು. ನಾವಿಬ್ಬರೂ ನಕ್ಕೆವು. ಆಮೇಲೆ ನನಗೆ ಹೆದರಿಕೆಯಾಯಿತು. ಅವಳು ನೋಡದೇ ಇದ್ದಿದ್ದರೆ ಅದು ನನ್ನ ಪ್ರಬಂಧದಲ್ಲಿ "ದತ್ತಾಂಶ"ವಾಗಿ ಅಚ್ಚಾಗುತ್ತಿತ್ತು.

ತಪ್ಪು ನನ್ನದೇ. ಗೆರೆಯ ಹಿಂದೆ ಒಂದು ಓರೆಗೆರೆ ಹಾಕಿದ್ದರೆ ಸಾಕಿತ್ತು. ರಿಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಇನ್ನೊಂದು ಕ್ರಮದಲ್ಲಿ ಕೋಷ್ಟಕವನ್ನು ಪಟ್ಟಿಯೊಳಗಿನ ಪಟ್ಟಿಯಾಗಿ ಬರೆಯಬಹುದು. ಅಲ್ಲಿ ಸಾಲುಗಳ ಮನೆ ಲೆಕ್ಕ ತಪ್ಪಿದರೆ ದೋಷ ತೋರಿಸುತ್ತದೆ. ಸಂಶೋಧನೆಗೆ ಅಂಥ ಜಗಳಗಂಟ ಸಾಧನವೇ ಒಳ್ಳೆಯದು ಅಂತ ನನಗೆ ಈಗ ಅನ್ನಿಸ್ತದೆ.

ಅದೇ ಕ್ರಮದಲ್ಲಿ ಅಕ್ಷರಗಳಿಂದಲೇ ಚೌಕಟ್ಟು ಬಿಡಿಸುವ ಕೋಷ್ಟಕವೂ ಉಂಟು. ಅಲ್ಲಿ ಗೆರೆಗಳು ಮೇಲಿಂದ ಕೆಳಗೆ ನೇರ ನಿಲ್ಲಬೇಕು. ಕನ್ನಡಕ್ಕೆ ಅದು ಕಷ್ಟ. "ಸೊಲ್ಲಾಪುರ" ನಮ್ಮ ಕಣ್ಣಿಗೆ 4 ಅಕ್ಷರ, ಯೂನಿಕೋಡಿಗೆ 9 ಸಂಕೇತ. "ಕಾಸರಗೋಡು" ನಮಗೆ 5, ಅದಕ್ಕೆ 8. ಕಣ್ಣಿಗೆ ಚಿಕ್ಕದಾದದ್ದು ಲೆಕ್ಕದಲ್ಲಿ ದೊಡ್ಡದು. ಹಾಗಾಗಿ ಮೂಲ ಕಡತವನ್ನೇ ಕೋಷ್ಟಕದಂತೆ ಓದಬಹುದು ಎಂಬ ಭರವಸೆ ಇಂಗ್ಲಿಷಿಗೆ ಒದಗಿದಷ್ಟು ಕನ್ನಡಕ್ಕೆ ಒದಗುವುದಿಲ್ಲ.

ಇಷ್ಟು ಸಾಧನದ ವಿಷಯ. ನನ್ನ ಮುಖ್ಯ ತಕರಾರು ಮೊದಲ ಅಂಕಣದ ಮೇಲೆ. "ಶಿಷ್ಟ ಕನ್ನಡ" ಅಂತ ಅದನ್ನು ಎಡಕ್ಕೆ ಇಟ್ಟ ಕೂಡಲೇ ಉಳಿದ ಊರುಗಳೆಲ್ಲ ಅದಕ್ಕೆ ಉತ್ತರ ಕೊಡುವವರಾಗುತ್ತಾರೆ. "ಕೂಸು" ತಗೊಳ್ಳಿ. ನಮ್ಮ ಹವ್ಯಕ ಮಾತಿನಲ್ಲಿ ಮಾಣಿ ಅಂದರೆ ಹುಡುಗ, ಕೂಸು ಅಂದರೆ ಹುಡುಗಿ. ಮದುವೆಗೆ ನೋಡುವುದೂ ಮಾಣಿ-ಕೂಸನ್ನೇ. ಗೆಳತಿಗೆ ಕೂಸು ಅಂದರೆ ತೊಟ್ಟಿಲಲ್ಲಿ ಮಲಗಿದ್ದು. ನನ್ನ ಕೋಷ್ಟಕದಲ್ಲಿ "ಹುಡುಗಿ"ಯ ಸಾಲಿನಲ್ಲಿ ನಮ್ಮ ಕೂಸು, "ಮಗು"ವಿನ ಸಾಲಿನಲ್ಲಿ ಅವಳ ಕೂಸು. ಎರಡೂ ಸಾಲು ಸರಿ. ಆದರೆ ಒಂದೇ ಪದ ಎರಡು ಗಡಿಗಳಲ್ಲಿ ಬೇರೆ ಬೇರೆ ವಯಸ್ಸಿಗೆ ನಿಂತಿದೆ ಎಂಬ, ನಿಜಕ್ಕೂ ಬರೆಯಬೇಕಾದ ವಿಷಯ ಆ ಕೋಷ್ಟಕದಲ್ಲಿ ಎಲ್ಲೂ ಕಾಣುವುದಿಲ್ಲ. ಎರಡು ಗಡಿಗಳು ಒಂದಕ್ಕೊಂದು ಮಾತಾಡಬೇಕಾದರೂ ಶಿಷ್ಟದ ಮೂಲಕವೇ ಹೋಗಬೇಕು ಅಂತ ನಾನೇ ಬೇಲಿ ಹಾಕಿದ ಹಾಗಾಯಿತು.

ಹಾಗಾಗಿ ಪಟ್ಟಿಯನ್ನು ಬದಲಾಯಿಸಿದೆ. ಈಗಿನ ಅಂಕಣಗಳು: ಪದ, ಊರು, ಅರ್ಥ, ಹೇಳಿದ ವಾಕ್ಯ. ಒಂದು ಸಾಲಿಗೆ ಒಂದೇ ಹೇಳಿಕೆ. "ಅಬ್ಬೆ"ಗೆ ಒಂದು ಸಾಲು, "ಅಮ್ಮ"ನಿಗೆ ಒಂದು, "ಅವ್ವ"ನಿಗೆ ಒಂದು. "ಕೂಸು" ಎರಡು ಸಾಲು, ಒಂದರ ಕೆಳಗೆ ಒಂದು. ಇದು ಸಿಎಸ್‌ವಿ ಕಡತವಾಗಿ ಬೇರೆಯೇ ಇರುತ್ತದೆ. ರಿಸ್ಟ್ರಕ್ಚರ್ಡ್‌ಟೆಕ್ಸ್ಟ್ ಅದನ್ನು ಹೊರಗಿನಿಂದ ಕರೆದು ಅನುಬಂಧದಲ್ಲಿ ಜೋಡಿಸುತ್ತದೆ. ನಾಳೆ ತಾಳವಾಡಿಯವರೋ ಮಡಕಶಿರದವರೋ ತಮ್ಮ ಪದ ಸೇರಿಸಿದರೆ ಹೊಸ ಅಂಕಣ ಬೇಡ, ಕೆಳಗೆ ಸಾಲು ಬೆಳೆದರೆ ಸಾಕು.

ಇದರಲ್ಲೂ ನಷ್ಟ ಉಂಟು. ಮೊದಲಿನ ಕೋಷ್ಟಕದಲ್ಲಿ ಒಂದೇ ನೋಟಕ್ಕೆ ಸಿಗುತ್ತಿದ್ದ ಹೋಲಿಕೆ ಈಗ ಓದುಗ ತಾನೇ ಹುಡುಕಬೇಕು. ಪುಟಗಳೂ ಹೆಚ್ಚು. ಪರೀಕ್ಷಕರಿಗೆ ಬೇಸರ ಬರಬಹುದು. ಆದರೂ ಹೋಲಿಕೆಯನ್ನು ಪ್ರಬಂಧದ ಒಳಗೆ ನನ್ನ ಹೆಸರಿನಲ್ಲಿ, ವಾದವಾಗಿ ಮಂಡಿಸಬೇಕು. ಅನುಬಂಧದ ಗೆರೆಗಳ ನಡುವೆ ಅದು ಮೊದಲೇ ತೀರ್ಮಾನವಾಗಿರಬಾರದು.

ಅಜ್ಜಿಗೆ ಹೊಸ ಪಟ್ಟಿ ಓದಿ ಹೇಳಿದೆ. "ಅವ್ವ" ಕೇಳಿದಾಗ ಅದು ಯಾವ ಊರಿನದ್ದು ಅಂತ ವಿಚಾರಿಸಿದರು. ಹಳೆಯ ಕೋಷ್ಟಕವನ್ನೇ ಓದಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ. ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳ್ತೇನೆ.