ಭಾನುವಾರದ ಖರ್ಚು ಯಾರ ಲೆಕ್ಕಕ್ಕೆ?

ಭಾನುವಾರ ಬೆಳಗಿನ ಜಾವ ಹಳೇ ಮದ್ರಾಸ್ ರಸ್ತೆಯಲ್ಲಿ ಬೆಂಗಳೂರಿನಿಂದ ಹೊಸಕೋಟೆಯ ಕಡೆ ಓಡುವ ಕಾರು, ಬೈಕುಗಳಲ್ಲಿ ಬಹಳಷ್ಟು ಬಿರಿಯಾನಿಗೆ ಹೊರಟಂಥವು. ಸೌದೆ ಒಲೆಯ ಮೇಲೆ ದಮ್ ಕಟ್ಟಿದ ಮಟನ್ ಬಿರಿಯಾನಿಗಾಗಿ ವೈಟ್‌ಫೀಲ್ಡಿನ ಐಟಿ ಹುಡುಗರು, ಮಕ್ಕಳು ಮರಿ ಕರೆತಂದ ಸಂಸಾರಗಳು ಕತ್ತಲಲ್ಲೇ ಸಾಲು ನಿಲ್ಲುತ್ತಾರೆ. ಬೆಳಕು ಹರಿದರೆ ದೊಡ್ಡ ಕೆರೆಯ ಏರಿಯ ಮೇಲೆ ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದು ಹಕ್ಕಿ ನೋಡುವವರು ಕಾಣಿಸುತ್ತಾರೆ. 2024ರ ಡಿಸೆಂಬರಿನಲ್ಲಿ ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆ-ಬೇತಮಂಗಲ ಭಾಗದಲ್ಲಿ ವಾಹನ ಬಿಟ್ಟ ಮೇಲೆ ಬರೀ ರಸ್ತೆ ನೋಡಲು, ರೀಲ್ಸ್ ತೆಗೆಯಲು ಬರುವವರೂ ಸೇರಿಕೊಂಡರು.

ಇದರಿಂದ ಊರಿಗೆ ವ್ಯಾಪಾರ ಬಂದಿದೆ, ಹಲವರಿಗೆ ಅನ್ನ ಹುಟ್ಟಿದೆ. ಅದನ್ನು ಅಲ್ಲಗಳೆದು ಈ ಮಾತು ಶುರು ಮಾಡುವುದು ತಪ್ಪಾಗುತ್ತದೆ. ಆದರೆ ಹಣದ ದಾರಿಯನ್ನು ಹಿಡಿದು ಹೋದರೆ ಬೇರೆ ಚಿತ್ರ ಕಾಣುತ್ತದೆ. ಹೋಟೆಲ್ ಬಿಲ್ಲಿನ ಮೇಲಿನ ಶೇ 5ರ ಜಿಎಸ್‌ಟಿಯಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಹೆದ್ದಾರಿಯ ಟೋಲ್ ಹೆದ್ದಾರಿ ಪ್ರಾಧಿಕಾರದ ಲೆಕ್ಕಕ್ಕೆ. ನಗರಸಭೆಗೋ ಅಕ್ಕಪಕ್ಕದ ಗ್ರಾಮ ಪಂಚಾಯಿತಿಗೋ ನೇರವಾಗಿ ದಕ್ಕುವುದು ಕಟ್ಟಡದ ತೆರಿಗೆ, ಪರವಾನಗಿ ಶುಲ್ಕ ಮತ್ತು ಕಸದ ಶುಲ್ಕ. ಸಾವಿರ ಜನ ಉಂಡು ಎದ್ದರೂ ಹತ್ತು ಜನ ಉಂಡು ಎದ್ದರೂ ಕಟ್ಟಡದ ತೆರಿಗೆ ಅಷ್ಟೇ. ತಟ್ಟೆ, ಮೂಳೆ, ನೀರಿನ ಬಾಟಲಿ ಬಾಚುವವರು ಮಾತ್ರ ಈ ಊರಿನ ಪೌರಕಾರ್ಮಿಕರು. 2011ರ ಜನಗಣತಿಯಲ್ಲಿ ಸುಮಾರು 57 ಸಾವಿರ ಜನರಿದ್ದ ಪಟ್ಟಣ ಇದು. ರಸ್ತೆ, ಚರಂಡಿ, ಶೌಚಾಲಯಗಳ ಲೆಕ್ಕವೆಲ್ಲ ಇಲ್ಲಿ ಮಲಗಿ ಏಳುವವರನ್ನು ನೋಡಿ ಹಾಕಿದ್ದು, ಬಂದು ಹೋಗುವವರನ್ನಲ್ಲ.

ನಗರದ ಕಡೆಯಿಂದ ಬರುವ ವಾದ ಇದಕ್ಕೆ ಉಲ್ಟಾ. ಹೊಸಕೋಟೆಯವರು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಬರುವುದಿಲ್ಲವೆ, ಶಾಲೆಯ ಮಕ್ಕಳನ್ನು ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ, ಬನ್ನೇರುಘಟ್ಟಕ್ಕೆ ಕರೆತರುವುದಿಲ್ಲವೆ, ನಗರದ ತೆರಿಗೆದಾರ ಸಾಕಿದ್ದನ್ನು ಹೊರಗಿನವರು ಪುಕ್ಕಟೆ ಅನುಭವಿಸುತ್ತಾರಲ್ಲ ಎಂಬ ವಾದ. ಅಮೆರಿಕದ ನಗರಗಳಲ್ಲಿ ಈ ವಾದಕ್ಕೆ ನೆಲೆಯಿದೆ. ಅಲ್ಲಿ ಮೃಗಾಲಯ, ಮ್ಯೂಸಿಯಂ ಎಷ್ಟೋ ಕಡೆ ನಗರಾಡಳಿತದ ಹೊಣೆಯಾಗಿದ್ದವು. ಉಳ್ಳವರು ಉಪನಗರಗಳಿಗೆ ಹೋದ ಮೇಲೆ ಖರ್ಚು ನಗರದಲ್ಲಿ ಉಳಿದವರ ತಲೆಗೆ ಬಿತ್ತು. ನಮ್ಮಲ್ಲಿ ಹಾಗಾಗಿಲ್ಲ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡೂ ರಾಜ್ಯದ ತೋಟಗಾರಿಕೆ ಇಲಾಖೆಯವು. ಬನ್ನೇರುಘಟ್ಟದ ಜೈವಿಕ ಉದ್ಯಾನ ಕರ್ನಾಟಕ ಮೃಗಾಲಯ ಪ್ರಾಧಿಕಾರದ್ದು, ಅದು ಬಹುಮಟ್ಟಿಗೆ ಟಿಕೆಟ್ ಹಣದ ಮೇಲೆ ನಿಂತಿದೆ. ವಿಶ್ವೇಶ್ವರಯ್ಯ ಮ್ಯೂಸಿಯಂ ಕೇಂದ್ರದ ಅಧೀನ. ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯವೂ ರಾಜ್ಯದ್ದೇ. ಅಂದರೆ ಬೆಂಗಳೂರಿನ ಹೆಸರಾಂತ ತಾಣಗಳಲ್ಲಿ ಹೆಚ್ಚಿನವನ್ನು ಬೆಂಗಳೂರಿನ ನಗರಾಡಳಿತ ಸಾಕುತ್ತಿಲ್ಲ. ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯ ಅಂಗಡಿಯಲ್ಲಿ ಸೋಪು ಕೊಂಡವನೂ ಅವುಗಳಿಗೆ ತನ್ನ ಪಾಲು ಕೊಟ್ಟಿದ್ದಾನೆ, ಒಳಗೆ ಹೋಗುವಾಗ ಟಿಕೆಟ್ ತೆಗೆದು ಇನ್ನೊಮ್ಮೆ ಕೊಡುತ್ತಾನೆ.

ಇಷ್ಟು ಸಾಲದೆಂದು, ವರ್ತುಲ ರಸ್ತೆ, ಸಮೂಹ ಸಾರಿಗೆಯ ಹೆಸರಿನಲ್ಲಿ ಹೊರವಲಯದ ಬಡಾವಣೆಗಳ ಮೇಲೂ ಕರ ಹಾಕಲು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಅವಕಾಶವಿದೆ. ಮೆಟ್ರೊ ಮಾತ್ರ 2023ರ ಮಾರ್ಚಿನಲ್ಲಿ ಕಾಡುಗೋಡಿಗೆ ಬಂದು ನಿಂತಿದೆ. ಅಲ್ಲಿಂದ ಹೊಸಕೋಟೆಗೆ ಬಸ್ಸೋ ಆಟೊವೋ ಹಿಡಿಯಬೇಕು.

ಹಾಗಾದರೆ ಹಂಚಿಕೆ ಎಂಬುದೇ ನಮಗೆ ಗೊತ್ತಿಲ್ಲವೆ? ಗೊತ್ತಿದೆ. ಆಸ್ತಿ ತೆರಿಗೆಯ ರಸೀದಿಯನ್ನು ಗಮನವಿಟ್ಟು ಓದಿದರೆ ಎರಡು ಮಾದರಿ ಅದರಲ್ಲೇ ಇವೆ. ಒಂದು, ಶೇ 3ರ ಭಿಕ್ಷುಕರ ಕರ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳು ಸಂಗ್ರಹಿಸಿದ್ದು ಕೇಂದ್ರ ಪರಿಹಾರ ಸಮಿತಿಯ ಒಂದೇ ನಿಧಿಗೆ ಹೋಗುತ್ತದೆ, ಅದರಿಂದ ಬೆಂಗಳೂರಿನ ಮಾಗಡಿ ರಸ್ತೆಯದೂ ಸೇರಿ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ. ಊರೂರಿನಿಂದ ಬಂದು ನಗರ ಸೇರಿದ ನಿರ್ಗತಿಕರ ಹೊಣೆಯನ್ನು ಊರೂರೂ ಹೊರಬೇಕೆಂಬ ತತ್ವ ಇಲ್ಲಿದೆ, ಅದು ಸರಿಯಾದದ್ದೇ. ಇನ್ನೊಂದು, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಗ್ರಂಥಾಲಯ ಕರ, ಈಗ ಶೇ 6. ಇದು ಆಯಾ ನಗರ, ಆಯಾ ಜಿಲ್ಲೆಯ ಗ್ರಂಥಾಲಯಗಳಿಗೇ. ಮಹದೇವಪುರದ ಟೆಕ್ ಪಾರ್ಕುಗಳ ತೆರಿಗೆಯಿಂದ ಹುಟ್ಟುವ ಕರ ಹೊಸಕೋಟೆಯ ಓದುಗರಿಗೆ ಒಂದು ಪುಸ್ತಕವನ್ನೂ ತರುವುದಿಲ್ಲ. ಸಂಗ್ರಹಿಸಿದ ಗ್ರಂಥಾಲಯ ಕರವನ್ನು ಬೆಂಗಳೂರಿನ ಆಗಿನ ಪಾಲಿಕೆಯಾದ ಬಿಬಿಎಂಪಿಯು ಗ್ರಂಥಾಲಯ ಇಲಾಖೆಗೆ ದಾಟಿಸದೆ ನೂರಾರು ಕೋಟಿ ಬಾಕಿ ಉಳಿಸಿಕೊಂಡದ್ದೂ ನಮ್ಮ ಕಣ್ಣೆದುರೇ ನಡೆದಿದೆ. ಜನ ಗ್ರಂಥಾಲಯಕ್ಕೆಂದು ಕೊಟ್ಟ ಹಣ ಗ್ರಂಥಾಲಯವನ್ನು ಮುಟ್ಟದಿರುವುದು ನಂಬಿಕೆದ್ರೋಹ. ಈ ಬಗೆಯ ಅನುಭವವಿರುವ ನಾಡಿನಲ್ಲಿ ಹೊಸ ಕರದ ಮಾತೆತ್ತಿದರೆ ಜನ ಹಿಂದೆ ಸರಿಯುವುದು ಸಹಜ.

ಹೊರಗಿನ ಪ್ರಯೋಗಗಳನ್ನು ನೋಡುವಾಗ ಈ ಭಯವನ್ನು ಜೊತೆಗಿಟ್ಟುಕೊಂಡೇ ನೋಡಬೇಕು. ಡೆನ್ವರ್ ಸೇರಿ ಆರು ಕೌಂಟಿಗಳ ಮತದಾರರು 1988ರಲ್ಲಿ ಹತ್ತು ಡಾಲರಿನ ಖರೀದಿಗೆ ಒಂದು ಸೆಂಟ್ ಮಾರಾಟ ತೆರಿಗೆ ಒಪ್ಪಿಕೊಂಡರು. ಮೃಗಾಲಯ, ಸಸ್ಯೋದ್ಯಾನ, ಕಲಾ ಮ್ಯೂಸಿಯಂ ಮುಂತಾದ ದೊಡ್ಡ ಸಂಸ್ಥೆಗಳ ಜೊತೆಗೆ ಉಪನಗರಗಳ ಸಣ್ಣ ನಾಟಕ ತಂಡಗಳಿಗೂ ಅದರಿಂದ ಹಣ ಹೋಗುತ್ತದೆ. ದೊಡ್ಡವರಿಗೆ ಸಿಂಹಪಾಲು ಎಂಬ ಜಗಳ ಅಲ್ಲಿ ಇದ್ದೇ ಇದೆ. ಮಾರಾಟ ತೆರಿಗೆ ಬಡವರಿಗೆ ಹೆಚ್ಚು ತಟ್ಟುತ್ತದೆಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಪಿಟ್ಸ್‌ಬರ್ಗ್ ಇರುವ ಅಲೆಗೇನಿ ಕೌಂಟಿಯ ಏರ್ಪಾಡು ನನಗೆ ಇದಕ್ಕಿಂತ ಮೆಚ್ಚುಗೆಯಾಗುವಂಥದ್ದು. 1994ರಿಂದ ಅಲ್ಲಿ ಶೇ 1ರ ತೆರಿಗೆ. ಅರ್ಧ ಹಣ ಉದ್ಯಾನ, ಗ್ರಂಥಾಲಯ, ಮ್ಯೂಸಿಯಮ್ಮುಗಳಿಗೆ, ಉಳಿದ ಅರ್ಧ ಕೌಂಟಿಗೂ ಸಣ್ಣ ಪುರಸಭೆಗಳಿಗೂ. ನಗರದ ತಾಣಗಳಿಗೆ ದುಡ್ಡು ಕೊಟ್ಟ ಸಣ್ಣ ಊರಿಗೆ ಅದೇ ಕಾನೂನಿನಿಂದ ತನ್ನ ಚರಂಡಿಗೂ ದುಡ್ಡು ಬರುತ್ತದೆ. ಸೇಂಟ್ ಲೂಯಿಸ್ 1971ರಲ್ಲೇ ಇಂಥ ಜಂಟಿ ತೆರಿಗೆಯ ವಲಯ ಮಾಡಿಕೊಂಡಿತು. ಆದರೆ ಗೆರೆಯನ್ನು ನಗರ ಮತ್ತು ಒಂದು ಕೌಂಟಿಗೆ ನಿಲ್ಲಿಸಿದ್ದರಿಂದ, ಆಮೇಲೆ ಬೆಳೆದ ಹೊರಗಿನ ಕೌಂಟಿಗಳು ತೆರಿಗೆಯ ಆಚೆಗೇ ಉಳಿದವು.

ಗೆರೆ ಎಲ್ಲಿ ಎಳೆಯಬೇಕೆಂಬುದೇ ನಮ್ಮಲ್ಲೂ ಮುಖ್ಯ ಪ್ರಶ್ನೆ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಾದವು. ಕೆ.ಆರ್. ಪುರ, ಮಹದೇವಪುರಗಳ ಐಟಿ ಸಂಪತ್ತೆಲ್ಲ ಪೂರ್ವ ಪಾಲಿಕೆಗೆ ಹೋಯಿತು. ಅದರ ಮಗ್ಗುಲಲ್ಲಿರುವ ಹೊಸಕೋಟೆಗೆ ಪ್ರಾಧಿಕಾರದಲ್ಲಿ ಸ್ಥಾನವಿಲ್ಲ. ಹಾಗೆಂದು ಹೊಸಕೋಟೆಯನ್ನೂ ಒಳಗೆ ಸೇರಿಸಿಬಿಡಿ ಎನ್ನುವವರಿಗೆ 110 ಹಳ್ಳಿಗಳ ಕಥೆ ನೆನಪಿಸಬೇಕು. 2007ರಲ್ಲಿ ಬಿಬಿಎಂಪಿಗೆ ಸೇರಿದ ಆ ಹಳ್ಳಿಗಳಿಗೆ ಕಾವೇರಿ ನೀರು ಕೊಡುವ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಹೆಸರು ಬದಲಿಸುವುದರಿಂದಲೂ ಏನೂ ಆಗದು. ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಸಚಿವ ಸಂಪುಟ 2025ರ ಜುಲೈನಲ್ಲಿ ನಂದಿ ಬೆಟ್ಟದಲ್ಲೇ ಕೂತು ಒಪ್ಪಿತು. ಶನಿವಾರ ಭಾನುವಾರ ಬೆಂಗಳೂರಿನ ವಾಹನಗಳ ದಟ್ಟಣೆಗೆ ಸಿಕ್ಕುವ ಆ ಬೆಟ್ಟದ ಖರ್ಚಿನಲ್ಲಿ ಬೆಂಗಳೂರಿನ ಪಾಲೆಷ್ಟು ಎಂಬುದು ಅಲ್ಲಿ ಚರ್ಚೆಯಾಗಬೇಕಿದ್ದ ವಿಷಯ.

ಹೊರವಲಯಕ್ಕೆ ನಗರ ಕಳಿಸುವುದು ಪ್ರವಾಸಿಗಳನ್ನಷ್ಟೇ ಅಲ್ಲ. ಹೊಸಕೋಟೆಯ ಕಡೆಯೇ ಇರುವ ಮಂಡೂರಿಗೆ ವರ್ಷಗಟ್ಟಲೆ ಕಸ ಕಳಿಸಿತು. 2014ರಲ್ಲಿ ಊರವರು ಲಾರಿಗಳಿಗೆ ಅಡ್ಡ ನಿಂತ ಮೇಲೇ ಅದು ನಿಂತಿದ್ದು. ವಿಹಾರದ ಜಾಗವೂ ಕಸದ ಜಾಗವೂ ಒಂದೇ ದಿಕ್ಕಿನಲ್ಲಿರುವಾಗ ಖರ್ಚಿನ ಲೆಕ್ಕವನ್ನು ನಗರವೊಂದೇ ಬರೆಯುವುದು ನ್ಯಾಯವಲ್ಲ.

ಜಂಟಿ ನಿಧಿಗೆ ಹೊಸ ಸಂಸ್ಥೆ ಹುಟ್ಟುಹಾಕಬೇಕಾಗಿಲ್ಲ. 1985ರ ಕಾಯ್ದೆಯಿಂದ ಹುಟ್ಟಿದ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಬಿಎಂಆರ್‌ಡಿಎ) ವ್ಯಾಪ್ತಿ ಸುಮಾರು 8,000 ಚದರ ಕಿಲೋಮೀಟರ್. ಬೆಂಗಳೂರು ನಗರ, ಗ್ರಾಮಾಂತರ, ಈಗ ಬೆಂಗಳೂರು ದಕ್ಷಿಣ ಎಂದು ಹೆಸರಾದ ರಾಮನಗರ ಮೂರೂ ಅದರೊಳಗಿವೆ. ಇಡೀ ಪ್ರದೇಶದ ಬೆಳವಣಿಗೆಯನ್ನು ಜೋಡಿಸಬೇಕೆಂದು ಹುಟ್ಟಿದ ಸಂಸ್ಥೆಯನ್ನು ಜನ ಬಡಾವಣೆ ಜಾಹೀರಾತಿನಲ್ಲಿ ‘ಬಿಎಂಆರ್‌ಡಿಎ ಅಪ್ರೂವ್ಡ್’ ಎಂದು ಮಾತ್ರ ಬಲ್ಲರು. ಇದು ನಲವತ್ತು ವರ್ಷದ ಸೋಲು. ಹಣದ ಮೂಲವೂ ಇದೆ. ಜಿಎಸ್‌ಟಿ ಬಂದಾಗ ಸಂವಿಧಾನದ 101ನೇ ತಿದ್ದುಪಡಿ ಮನರಂಜನೆಯ ಮೇಲೆ ತೆರಿಗೆ ಹಾಕುವ ಅವಕಾಶವನ್ನು ಪಂಚಾಯಿತಿ, ಪುರಸಭೆಗಳಿಗೆ ಉಳಿಸಿದೆ. ಮಾಲುಗಳ ಸಿನಿಮಾ, ಮನರಂಜನಾ ಪಾರ್ಕುಗಳ ಟಿಕೆಟ್ಟಿನಲ್ಲಿ ಸಣ್ಣದೊಂದು ಪಾಲನ್ನು ನಗರ, ಹೊರವಲಯಗಳೆರಡೂ ಒಂದೇ ನಿಧಿಗೆ ಹಾಕಲಿ. ಬಿರಿಯಾನಿ ಅಂಗಡಿಯವನ ಮೇಲೆ ಹೊಸ ಹೊರೆ ಹೊರಿಸಬೇಡಿ, ಸೋಪಿನ ಮೇಲೂ ಬೇಡ. ಹೊಸಕೋಟೆಗೆ ಅದರಿಂದ ಮೊದಲು ಬರಬೇಕಾದದ್ದು ಹೆದ್ದಾರಿ ಬದಿಗೆ ಶೌಚಾಲಯ, ಭಾನುವಾರ ದುಡಿಯುವ ಪೌರಕಾರ್ಮಿಕರಿಗೆ ಹೆಚ್ಚಿನ ಕೂಲಿ, ಕೆರೆ ಏರಿಯ ದುರಸ್ತಿ, ಕಾಡುಗೋಡಿ ಮೆಟ್ರೊದಿಂದ ಬೆಳಗಿನ ಜಾವದ ಬಸ್ಸು.

ನಿಧಿಯ ಕೀಲಿ ಯಾರ ಕೈಯಲ್ಲಿರಬೇಕು ಎಂಬುದಕ್ಕೂ ಸಂವಿಧಾನದ 243ಝಡ್‌ಇ ವಿಧಿ ದಾರಿ ತೋರಿಸಿದೆ. ಮಹಾನಗರ ಯೋಜನಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಮಂದಿ ನಗರಸಭೆಗಳ ಚುನಾಯಿತ ಸದಸ್ಯರು ಮತ್ತು ಪಂಚಾಯಿತಿ ಅಧ್ಯಕ್ಷರ ಪೈಕಿ, ಅವರಿಂದಲೇ ಆರಿಸಿ ಬರಬೇಕು. ಬೆಂಗಳೂರಿಗೆ ಇಂಥ ಸಮಿತಿ 2014ರಲ್ಲಿ ಆಯಿತು, ಕೆಲಸ ಮಾತ್ರ ನಡೆಯಲಿಲ್ಲ. ಅದನ್ನು ಬಿಎಂಆರ್‌ಡಿಎ ವ್ಯಾಪ್ತಿಯಷ್ಟು ಅಗಲಿಸಿ, ವರ್ಷಕ್ಕೆ ಇಂತಿಷ್ಟು ಸಭೆ ಎಂದು ಕಾನೂನಿನಲ್ಲೇ ಬರೆದು, ಪ್ರತಿ ಊರಿಂದ ಎಷ್ಟು ಬಂತು, ಪ್ರತಿ ಊರಿಗೆ ಎಷ್ಟು ಹೋಯಿತು ಎಂಬ ಲೆಕ್ಕವನ್ನು ನಗರಸಭೆಯ ಫಲಕದ ಮೇಲೆ ಹಾಕುವುದನ್ನು ಕಡ್ಡಾಯ ಮಾಡಬೇಕು. ಆ ಸಮಿತಿಯಲ್ಲಿ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಕಡೆಯ ಪಂಚಾಯಿತಿ ಅಧ್ಯಕ್ಷೆಯೊಬ್ಬರು ಲಾಲ್‌ಬಾಗಿನ ಖರ್ಚನ್ನು ಪ್ರಶ್ನಿಸುವಂತಿರಬೇಕು. ಜಯನಗರದ ಪಾಲಿಕೆ ಸದಸ್ಯರು ಹೊಸಕೋಟೆ ಕೆರೆಯ ಖರ್ಚನ್ನು ಪ್ರಶ್ನಿಸುವಂತಿರಬೇಕು.