ವೇದವೈಷಮ್ಯವೂ ‘ಕ್ವೀರ್’ ಸಿದ್ಧಾಂತವೂ

ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ 1990ರಿಂದೀಚೆಗೆ ‘ಕ್ವೀರ್ ಸಿದ್ಧಾಂತ’ವೆಂಬ ಹೆಸರಿನಿಂದ ಬೆಳೆದುಬಂದ ವಿಚಾರಧಾರೆಯು, ದೇಹಲಕ್ಷಣವನ್ನು ಲಿಂಗಭಾವವೂ ಕಾಮಪ್ರವೃತ್ತಿಯೂ ತಪ್ಪದೆ ಹಿಂಬಾಲಿಸುವುದಿಲ್ಲವೆಂದೂ, ಲೋಕವು ಸಹಜವೆಂದು ಬಗೆದಿರುವುದರಲ್ಲಿ ಬಹುಭಾಗ ರೂಢಿಯ ಫಲವೆಂದೂ ಪ್ರತಿಪಾದಿಸುತ್ತದೆ. ಜೈನಗ್ರಂಥಗಳಲ್ಲಿನ ನಪುಂಸಕವಿಚಾರವನ್ನು ಝ್ವಿಲ್ಲಿಂಗ್ ಮತ್ತು ಸ್ವೀಟ್ ಎಂಬ ವಿದ್ವಾಂಸರು 1996ರಲ್ಲಿ ವಿವೇಚಿಸಿದ ಮೇಲೆ, ಈ ಸಿದ್ಧಾಂತದ ಪೂರ್ವರೂಪ ನಮ್ಮಲ್ಲಿಯೇ ಇತ್ತೆಂದು ಹೇಳುವ ಉತ್ಸಾಹ ಹುಟ್ಟುವುದು ಸ್ವಾಭಾವಿಕ. ಅದು ಎಷ್ಟರಮಟ್ಟಿಗೆ ಸಾಧು ಎಂಬುದು ವಿಚಾರಣೀಯ.

ದ್ರವ್ಯವೇದಕ್ಕೆ ಕಾರಣ ನಾಮಕರ್ಮ. ಭಾವವೇದಕ್ಕೆ ಕಾರಣ ಮೋಹನೀಯದ ನೋಕಷಾಯ. ಕಾರಣಗಳೇ ಬೇರೆಯಾದ ಮೇಲೆ ಕಾರ್ಯಗಳು ಸದಾ ಕೂಡಿಯೇ ಇರಬೇಕೆಂಬ ನಿಯಮವಿಲ್ಲ. ಇವೆರಡೂ ಪ್ರಾಯಃ ಸಮ, ಕೆಲವೆಡೆ ವಿಷಮ ಎಂದು ಗೊಮ್ಮಟಸಾರ ಜೀವಕಾಂಡದಲ್ಲಿ ನೇಮಿಚಂದ್ರರು ಸ್ಪಷ್ಟವಾಗಿಯೇ ಹೇಳಿದ್ದಾರೆ. ‘ಕೆಲವೆಡೆ’ ಎಂಬ ಆ ಒಂದು ಮಾತು ಸಾಮಾನ್ಯವಾದುದಲ್ಲ.

ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರದ ಇತಿಹಾಸವು ಇದನ್ನೇ ತೋರಿಸುತ್ತದೆ. 1939ರ ಮುದ್ರಣದ ಮೂಲಪಾಠದಲ್ಲಿ ‘ಸಂಜದ’ ಪದವಿರಲಿಲ್ಲ. ಇರಬೇಕೆಂಬ ಸಂಪಾದಕರ ಊಹೆಯನ್ನು ಮೂಡಬಿದಿರೆಯ ಓಲೆಗರಿಗಳು ಮುಂದೆ ಸಮರ್ಥಿಸಿದುವು. ಪದವನ್ನು ಒಪ್ಪಿದೊಡನೆ ‘ಮನುಷಿಣಿ’ಗೆ ಸಂಯಮ ಸಿದ್ಧಿಸುತ್ತದೆ. ಸ್ತ್ರೀಮುಕ್ತಿಯನ್ನು ಒಪ್ಪದ ದಿಗಂಬರಪಕ್ಷಕ್ಕೆ ಉಳಿಯುವ ದಾರಿ ಒಂದೇ: ಆಕೆ ಪುರುಷದೇಹದಲ್ಲಿ ಸ್ತ್ರೀವೇದವುಳ್ಳ ಭಾವಸ್ತ್ರೀ. ವೀರಸೇನರು ಹಿಡಿದುದೂ ಇದೇ ದಾರಿ. ಒಂಬತ್ತನೆಯ ಗುಣಸ್ಥಾನದಲ್ಲಿ ವೇದವು ನಾಶವಾದರೂ ಮುಂದೆ ಆ ಹೆಸರು ಉಪಚಾರದಿಂದ ಉಳಿಯುತ್ತದೆಂಬುದು ಅವರ ಸಮಾಧಾನ. ಇತ್ತ, ಸ್ತ್ರೀಮುಕ್ತಿಯನ್ನು ಸಾಧಿಸಹೊರಟ ಯಾಪನೀಯ ಶಾಕಟಾಯನನು ಸ್ತ್ರೀಶಬ್ದದ ಮುಖ್ಯಾರ್ಥವನ್ನು ಬಿಟ್ಟು ಭಾವಸ್ತ್ರೀ ಎಂಬ ಅರ್ಥ ಮಾಡುವುದನ್ನು ಒಪ್ಪಲಿಲ್ಲ. ವೇದವೈಷಮ್ಯಕ್ಕೆ ಹೆಚ್ಚು ಮನ್ನಣೆಯಿತ್ತವರು ಸ್ತ್ರೀದೇಹಕ್ಕೆ ಮೋಕ್ಷವನ್ನು ನಿರಾಕರಿಸಿದವರೇ ಎಂಬುದನ್ನು ಆಧುನಿಕ ಓದುಗರು ಸುಲಭವಾಗಿ ಮರೆಯುತ್ತಾರೆ.

ಸಾಮ್ಯವು ಇಲ್ಲಿಗೆ ನಿಲ್ಲುತ್ತದೆ. ಕ್ವೀರ್ ಸಿದ್ಧಾಂತವು ರೂಢಿಯ ಬಲವನ್ನು ಪ್ರಶ್ನಿಸಿ ಭಿನ್ನವಾದ ಬಾಳಿಗೆ ಎಡೆ ಕೇಳುತ್ತದೆ. ಕರ್ಮಸಿದ್ಧಾಂತಕ್ಕೆ ಹುಲ್ಲಿನ ಬೆಂಕಿಯಂತಹ ಪುರುಷವೇದ, ಬೆರಣಿಯ ಬೆಂಕಿಯಂತಹ ಸ್ತ್ರೀವೇದ, ಇಟ್ಟಿಗೆಗೂಡಿನ ಬೆಂಕಿಯಂತಹ ನಪುಂಸಕವೇದ ಮೂರೂ ಬೆಂಕಿಯೇ. ಗೃಹಸ್ಥನ ರೂಢಿಯ ದಾಂಪತ್ಯಕಾಮವೂ ಅದರಿಂದ ಹೊರತಲ್ಲ. ಆದರೂ ದೀಕ್ಷಾನಿಯಮಗಳು ನಪುಂಸಕರನ್ನು ಹೊರಗಿಟ್ಟುವು. ಶಾಸ್ತ್ರದ ಸೂಕ್ಷ್ಮತೆ ಸಂಘದ ಬಾಗಿಲವರೆಗೆ ಬರಲಿಲ್ಲ. ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೃತೀಯಲಿಂಗಿಗಳಿಗೆ ಮಾನ್ಯತೆಯಿತ್ತ ಮೇಲೆ ಶಾಸ್ತ್ರಪ್ರಮಾಣವನ್ನು ಮುಂದಿಡುವವರು ಈ ಎರಡು ಸಂಗತಿಗಳಲ್ಲಿ ಒಂದನ್ನು ಮಾತ್ರ ಉದ್ಧರಿಸುವುದು ನ್ಯಾಯವಲ್ಲ.

ಗೊಮ್ಮಟಸಾರಕ್ಕೆ ಕೇಶವವರ್ಣಿಯು 1359ರಲ್ಲಿ ಮುಗಿಸಿದ ಕನ್ನಡವೃತ್ತಿಯುಂಟು. ‘ವಿಷಮ’ ಪದಕ್ಕೆ ಆತನಿತ್ತ ವಿವರಣೆಯನ್ನು ಓಲೆಪ್ರತಿಗಳಲ್ಲಿ ಹೋಲಿಸಿ ನೋಡುವುದು ಈ ಚರ್ಚೆಯ ಮೊದಲ ಕೆಲಸ.